ಹೊಂಗೆ ಮರದ ಕೆಳಗಿನ ಹಂಡೆ

ರಾಗಿ ಹುರಿಯುವ ವಾಸನೆ ಬಂದರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಮೊನ್ನೆ ಚರ್ಚಿನ ಹಿಂದಿನ ಶೆಡ್ಡಿನಲ್ಲಿ ಸಭೆಯ ಹೆಂಗಸರು ದೊಡ್ಡ ಬಾಣಲೆಯಲ್ಲಿ ರಾಗಿ ಹುರಿಯುತ್ತಿದ್ದರು. ಈಗ ಗ್ಯಾಸಿನ ಒಲೆ. ಹುರಿದದ್ದು ಮಿಲ್ಲಿಗೆ ಹೋಗಿ ಹಿಟ್ಟಾಗಿ ಬರುತ್ತದೆ, ಗಂಜಿಯಾಗಿ ಸ್ಟೀಲ್ ಡ್ರಮ್ಮಿಗೆ ಇಳಿಯುತ್ತದೆ, ಆಟೋ ಹತ್ತಿ ಆಸ್ಪತ್ರೆಯ ಗೇಟಿಗೆ ಹೋಗುತ್ತದೆ. ಹಂಚುವಾಗ ಹುಡುಗರು ಮೊಬೈಲಿನಲ್ಲಿ ಫೋಟೋ ಹಿಡಿಯುತ್ತಾರೆ. ಹಿಡಿಯಲಿ, ನನಗೇನು. ಗಂಜಿ ಗಂಟಾಗದಿದ್ದರೆ ಸಾಕು. ವಾಸನೆ ಮಾತ್ರ ಬದಲಾಗಿಲ್ಲ. ಮೊದಲು ಮಣ್ಣಿನ ಹಾಗೆ, ಆಮೇಲೆ ಸ್ವಲ್ಪ ಸಿಹಿ, ಕಾಳು ಸಿಡಿಯತೊಡಗಿದ ಮೇಲೆ ಮೂಗಿನೊಳಗೆ ಹೋಗಿ ಕೂರುವಂಥದ್ದು. ಅದು ಬಂದೊಡನೆ ನಮ್ಮ ಹಳೆಯ ಮನೆಯ ಹಿತ್ತಲು ಕಣ್ಣ ಮುಂದೆ ನಿಲ್ಲುತ್ತದೆ. ಅಲ್ಲಿ ನಮ್ಮಜ್ಜಿ ರಾಹೇಲಮ್ಮ ಕಾಲು ಚಾಚಿ ಕುಳಿತಿರುತ್ತಾಳೆ. ಒಲೆಯ ಮುಂದೆ ನಮ್ಮವ್ವ ಸಾರಮ್ಮ ಹೊಗೆಗೂ ಅತ್ತೆಗೂ ಒಟ್ಟಿಗೆ ಬೈಯುತ್ತಿರುತ್ತಾಳೆ. ಇಬ್ಬರೂ ಹೋದರು. ಮನೆಯೂ ಹೋಯಿತು. ರಸ್ತೆ ಅಗಲ ಮಾಡುವಾಗ ಮುಂದಿನ ಅರ್ಧ ಕೆಡವಿದರು, ಉಳಿದರ್ಧದಲ್ಲಿ ಈಗ ಯಾರೋ ಟೈರು ಮಾರುತ್ತಾರೆ. ನಿಮ್ಮಲ್ಲೂ ಹಲವರಿಗೆ ಇಂಥದೊಂದು ಮನೆ ಇದ್ದೀತು, ಹುಡುಕಿಕೊಂಡು ಹೋದರೆ ಅಂಗಡಿಯ ಷಟರ್ ಕಾಣುವಂಥದ್ದು.

ಹಿರಿಯೂರಿನಲ್ಲಿ ವೇದಾವತಿ ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿ ಆ ಮನೆ ಇತ್ತು. ಹೆಂಚಿನ ಮಾಡು, ಸಗಣಿ ಸಾರಿಸಿದ ನೆಲ, ಒಳಗೆ ಹಗಲಲ್ಲೂ ಅರೆಗತ್ತಲು. ಗೋಡೆಯ ಮೇಲೆ ಏಸುಸ್ವಾಮಿಯ ಪಟವಿತ್ತು, ಒಲೆಯ ಹೊಗೆಗೆ ಸ್ವಾಮಿಯ ಮುಖ ನಮ್ಮ ಬಣ್ಣಕ್ಕೇ ತಿರುಗಿತ್ತು. ನಮ್ಮಪ್ಪ ಮಾರಿಕಣಿವೆ ನಾಲೆಯ ಮೇಲೆ ತೂಬು ಎತ್ತುವ ಇಳಿಸುವ ಕೆಲಸದಲ್ಲಿದ್ದ. ವಾರಕ್ಕೊಮ್ಮೆ ಬರುತ್ತಿದ್ದ, ಬರುವಾಗ ಮೀನು ತರುತ್ತಿದ್ದ, ಮೀನು ಉಂಡು ಮಲಗುತ್ತಿದ್ದ. ಮನೆ ನಡೆದದ್ದೆಲ್ಲ ಇಬ್ಬರು ಹೆಂಗಸರ ಜಗಳದ ಮೇಲೆ. ನಮ್ಮ ಲೂಥರನ್ ಸಭೆ ಸಣ್ಣದು. ಆಂಧ್ರದ ಕಡೆಯಿಂದ ಬಂದು ನೆಲೆನಿಂತ ಕೆಲವು ಮನೆ, ಇಲ್ಲಿಯವೇ ಕೆಲವು. ಅರ್ಧ ಹಾಡು ತೆಲುಗಿನಲ್ಲಿ, ಅರ್ಧ ಕನ್ನಡದಲ್ಲಿ. ಎಲ್ಲರೂ ಕೂಲಿನಾಲಿಯವರೇ. ಅಂಥ ಸಭೆ ಭಾನುವಾರ ಬಿಟ್ಟು ದಿನಾ ಮಧ್ಯಾಹ್ನ ಒಂದು ಹಂಡೆ ಗಂಜಿ ಕಾಸಿ ಆಸ್ಪತ್ರೆಯ ಎದುರಿನ ಹೊಂಗೆ ಮರದ ಕೆಳಗೆ ಇಡುತ್ತಿತ್ತು. ರೋಗಿಗೆ ಆಸ್ಪತ್ರೆಯವರು ಹಾಲು ಬ್ರೆಡ್ಡು ಕೊಡುತ್ತಿದ್ದರು. ರೋಗಿಯ ಜೊತೆ ಬಂದು ಜಗುಲಿಯಲ್ಲಿ ಬಿದ್ದಿರುವವರನ್ನು ಉಂಡಿರಾ ಎಂದು ಕೇಳುವವರಿರಲಿಲ್ಲ. ಹಂಡೆ ಕಾಯುತ್ತಿದ್ದದ್ದು ನಮ್ಮ ಹಿತ್ತಲಲ್ಲಿ, ಯಾಕೆಂದರೆ ಓಣಿಗೆಲ್ಲ ದೊಡ್ಡ ಬೀಸುವ ಕಲ್ಲು ನಮ್ಮ ಮನೆಯದು.

ಹಂಡೆಗೆ ರಾಗಿ ಎಲ್ಲಿಂದ ಬರುತ್ತಿತ್ತು ಅಂದರೆ, ಹಿಡಿಯಿಂದ. ಸಭೆಯ ಪ್ರತಿ ಮನೆಯಲ್ಲೂ ಬೀಸಲು ಕೂರುವ ಮೊದಲು ಹೆಂಗಸು ಒಂದು ಹಿಡಿ ಕಾಳು ತೆಗೆದು ಬೇರೆ ಗಡಿಗೆಗೆ ಹಾಕಬೇಕು. ಅದು ಕರ್ತನ ಹಿಡಿ, ಏಸುಸ್ವಾಮಿಯ ಪಾಲು. ಮನೆಯವರ ಪಾಲು ಆಮೇಲೆ. ಶನಿವಾರ ಎಲ್ಲರೂ ಸೆರಗಿನಲ್ಲಿ ಕಟ್ಟಿಕೊಂಡು ಬಂದು ನಮ್ಮ ಹಿತ್ತಲಲ್ಲಿ ಸುರಿಯುತ್ತಿದ್ದರು. ರಾಗಿ, ಜೋಳ, ನವಣೆ, ಯಾರ ಮನೆಯಲ್ಲಿ ಏನಿತ್ತೋ ಅದು, ಎಲ್ಲ ಒಂದೇ ರಾಶಿ. ನಮ್ಮವ್ವ ಕೈಬಿಗಿ ಹೆಂಗಸು. ಮಳೆ ಹಿಂದುಮುಂದಾಗಿ ರಾಗಿ ತುಟ್ಟಿಯಾದರೆ ಹಿಡಿ ಹಾಕುವ ಕೆಲಸಕ್ಕೆ ನನ್ನನ್ನು ಕರೆಯುತ್ತಿದ್ದಳು. ನನಗಾಗ ಏಳೋ ಎಂಟೋ ವರ್ಷ, ಕೈ ಅವ್ವನ ಅಂಗೈಯಷ್ಟೂ ಇರಲಿಲ್ಲ. ಅಜ್ಜಿ ಒಂದು ದಿನ ನೋಡಿದಳು.

“ಏನೇ ಸಾರಮ್ಮ, ಹಿಡಿ ಹಾಕಾಕೆ ಈ ಕೂಸೇ ಬೇಕಾತಾ? ನಿನ್ ಕೈಗೆ ಏನ್ ಬಂದೈತೆ?”

“ಕರ್ತ ಹಿಡಿ ಅಂದ. ಯಾರ ಹಿಡಿ ಅಂತ ಹೇಳಿದ್ನಾ?” ಅಂದಳು ಅವ್ವ.

ಅಜ್ಜಿ ಮಧ್ಯಾಹ್ನ ಮುದ್ದೆ ಕಟ್ಟುವಾಗ ನನ್ನ ಮುಷ್ಟಿಯಷ್ಟು ದಪ್ಪದ ಒಂದು ಉಂಡೆ ಕಟ್ಟಿ ಅವ್ವನ ತಟ್ಟೆಗೆ ಇಟ್ಟಳು. “ಉಣ್ಣು, ನಿನ್ ಮಗಳ ಅಳತೆ” ಅಂದಳು. ಅವ್ವ ಅದನ್ನು ಒಂದೇ ತುತ್ತಿಗೆ ನುಂಗಿ ಮತ್ತೆ ತಟ್ಟೆ ಚಾಚಿದಳು. ಇಬ್ಬರೂ ನಗಲಿಲ್ಲ. ಆದರೆ ಮಾರನೆಯ ದಿನದಿಂದ ಅವ್ವನೇ ಹಿಡಿ ಹಾಕಿದಳು, ಬೆರಳ ಸಂದಿಯಿಂದ ಸ್ವಲ್ಪ ಸೋರಿಸುತ್ತ.

ಹಂಡೆಗೆ ಒಂದು ಕಟ್ಟಳೆ ಇತ್ತು. ಒಂದೇ ಹಂಡೆ, ಒಂದೇ ಸಾಲು. ಹಸಿ ಕಾಳು ಯಾರಿಗೂ ಕೊಡುವಂತಿಲ್ಲ. ನಮ್ಮ ಹಿರಿಯರು ಊರ ಹೊರಗಿದ್ದವರು. ನೀರು ಕೇಳಿದರೆ ಎತ್ತರದಿಂದ ಬೊಗಸೆಗೆ ಸುರಿಯುತ್ತಿದ್ದ ಕಾಲವನ್ನು ಅಜ್ಜಿ ಕಂಡಿದ್ದಳು, ಕುಡಿದಿದ್ದಳು. ಹಾಗಾಗಿ ನಮ್ಮ ಹಂಡೆಯ ಮುಂದೆ ಕುಳಿತವರು ಯಾರೇ ಆಗಲಿ, ಒಬ್ಬರ ಮಗ್ಗುಲಲ್ಲಿ ಒಬ್ಬರು ಕುಳಿತು ನಾವು ಕಾಸಿದ್ದನ್ನೇ ಕುಡಿಯಬೇಕು. ಪ್ರಸಂಗ ಗಿಸಂಗ ಇರಲಿಲ್ಲ. ಅಯ್ಯನೋರು, ಅಂದರೆ ನಮ್ಮ ಪಾದ್ರಿ, ಎರಡು ಮಾತು ಪ್ರಾರ್ಥನೆ ಮಾಡಿದರೆ ಸೌಟು ಏಳುತ್ತಿತ್ತು. ಬೇಕಾದವರು ಕೂರುತ್ತಿದ್ದರು, ಬೇಡವಾದವರು ದೂರದಿಂದ ನೋಡಿ ಹೋಗುತ್ತಿದ್ದರು. ಈ ಕಟ್ಟಳೆ ಕಾಯುತ್ತಿದ್ದವರು ಸಭೆಯ ಹಿರಿಯರಾದ ದೇವದಾನಪ್ಪನವರು. ಗಾರೆ ಕೆಲಸದ ಮೇಸ್ತ್ರಿ, ದೊಡ್ಡ ಮೀಸೆ, ಗೋಡೆ ಸೊಟ್ಟಗಿದ್ದರೂ ಮನುಷ್ಯ ಸೊಟ್ಟಗಿದ್ದರೂ ಒಂದೇ ಥರ ಗದರುತ್ತಿದ್ದರು.

ಆ ಬೇಸಿಗೆಯಲ್ಲಿ ತಿಪ್ಪಮ್ಮ ಬಂದಳು. ಹೊರಕೆರೆದೇವಪುರದ ಕಡೆಯವಳು, ಗಂಡನ ಜೊತೆ ಬಬ್ಬೂರಿನ ಫಾರಂಗೆ ಕೂಲಿಗೆ ಬಂದಿದ್ದಳು. ಗಾಡಿ ಮಗುಚಿ ಗಂಡನ ಕಾಲು ಮುರಿದಿತ್ತು. ಅವನನ್ನು ಆಸ್ಪತ್ರೆಯ ಕಿಟಕಿ ಪಕ್ಕದ ಮಂಚದಲ್ಲಿ ಕಾಲಿಗೆ ತೂಕ ನೇತುಹಾಕಿ ಮಲಗಿಸಿದ್ದರು. ಇವಳ ಕೈಯಲ್ಲಿ ಹಾಲು ಕುಡಿಯುವ ಗಂಡುಕೂಸು. ಇನ್ನೂ ಹೆಸರಿಟ್ಟಿರಲಿಲ್ಲ, ಊರಿಗೆ ಹೋಗಿ ಮನೆದೇವರ ಮುಂದೆ ಇಡಬೇಕಂತೆ. ಊರಿಂದ ತಂದ ಹುರಿಹಿಟ್ಟು ಇರುವ ತನಕ ಕಲಸಿ ತಿಂದಳು. ಅದು ಮುಗಿಯಿತು. ಆಮೇಲೆ ಗಂಡನಿಗೆ ಬಂದ ಬ್ರೆಡ್ಡಿನಲ್ಲಿ ಅವನು ಮುರಿದುಕೊಟ್ಟದ್ದು ಅಷ್ಟೇ. ಹೊಂಗೆ ಮರದ ಹತ್ತಿರ ಬರುತ್ತಿದ್ದಳು, ಸಾಲಿನಲ್ಲಿ ಕೂರುತ್ತಿರಲಿಲ್ಲ. ಅವರ ಮನೆಯವರು ನಮ್ಮಂಥವರ ಕೈಯ ನೀರು ಕುಡಿಯುವವರಲ್ಲ. ಹೊಟ್ಟೆಯಲ್ಲಿ ಅನ್ನವಿಲ್ಲದೆ ಎದೆಹಾಲು ಬತ್ತಿತು. ಕೂಸು ಮೊದಲು ಜೋರಾಗಿ ಅಳುತ್ತಿತ್ತು, ಬರಬರುತ್ತ ಬೆಕ್ಕಿನ ಮರಿಯ ಹಾಗೆ ಕುಂಯ್ಗುಡತೊಡಗಿತು. ಮಕ್ಕಳನ್ನು ಹೆತ್ತವರಿಗೆ ಆ ದನಿ ಏನೆಂದು ಗೊತ್ತು. ಅಜ್ಜಿ ಕೇಳಿಸಿಕೊಂಡು ಬಂದು ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಅಜ್ಜಿ ಮಾತು ತೆಗೆದಳು. ಆ ಹುಡುಗಿಗೆ ಹಸಿ ರಾಗಿ ಕೊಡೋಣ, ನಮ್ಮ ಹಿತ್ತಲ ಮೂಲೆಯಲ್ಲಿ ಮೂರು ಕಲ್ಲು ಇಟ್ಟುಕೊಡೋಣ, ಹೊಸ ಗಡಿಗೆ ತಂದರೆ ಹೊಳೆಯ ನೀರು ಅವಳೇ ಹೊತ್ತು ಅವಳೇ ಬೇಯಿಸಿಕೊಳ್ಳಲಿ ಅಂದಳು. ದೇವದಾನಪ್ಪನವರ ಮೀಸೆ ನಡುಗಿತು.

“ರಾಹೇಲಕ್ಕ, ನೀನೇ ಹಿಂಗಂದ್ರೆ ಹೆಂಗೆ? ಇವತ್ತು ಮೂರು ಕಲ್ಲು ಅಂತೀಯ, ನಾಳೆ ಮೂರು ಸಾಲು ಆಗ್ತಾವೆ. ನಮ್ಮ ಕೈ ಮೈಲಿಗೆ ಅಂತ ನಾವೇ ಒಪ್ಕಂಡಂಗೆ ಆಗಲ್ವಾ?”

“ಮೈಲಿಗೆ ಅಂತ ಅವಳು ತಿಳ್ಕಂಡವಳೆ. ಕೂಸು ಏನ್ ತಿಳ್ಕಂಡೈತಪ್ಪ? ಅದು ಸಾಯ್ತೈತೆ.”

“ಗಂಜಿ ಐತಲ್ಲ, ಕುಡೀಲಿ. ಬ್ಯಾಡ ಅಂದೋರು ಯಾರು?”

ವಿಚಿತ್ರವೆಂದರೆ ನಮ್ಮವ್ವ ಅವತ್ತು ದೇವದಾನಪ್ಪನವರ ಪಕ್ಷ. “ನಮ್ ನೀರು ಆಗಲ್ಲ ಅನ್ನೋಳಿಗೆ ನಮ್ ಬೆಂಕಿ ಯಾಕೆ? ನಾನಂತೂ ಕಲ್ಲಿಡಾಕೆ ಬುಡಲ್ಲ” ಅಂದಳು. ಅಯ್ಯನೋರು ಒಳ್ಳೆಯವರು, ಆದರೆ ಹೊಸಬರು. ಒಮ್ಮೆ ಅಜ್ಜಿಯ ಮುಖ ನೋಡಿದರು, ಒಮ್ಮೆ ಮೇಸ್ತ್ರಿಯ ಮುಖ ನೋಡಿದರು, ಕೊನೆಗೆ ಪ್ರಾರ್ಥನೆ ಮಾಡೋಣ ಅಂದರು. ಕಟ್ಟಳೆ ಹಾಗೇ ನಿಂತಿತು. ದೇವದಾನಪ್ಪನವರನ್ನು ಕಲ್ಲೆದೆಯವರು ಅನ್ನಬೇಡಿ. ಅವರ ಅಪ್ಪ ಕೆರೆಯ ನೀರು ಮುಟ್ಟಿದ್ದಕ್ಕೆ ಏಟು ತಿಂದವನು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅಜ್ಜಿ ಹೇಳಿದ್ದರಲ್ಲೂ ಇರಲಿಲ್ಲ. ಯಾರು ಸರಿ ಅಂತ ಕೇಳಿದರೆ ಈ ವಯಸ್ಸಿನಲ್ಲೂ ನನಗೆ ತಿಳಿಯದು.

ಎರಡು ದಿನಕ್ಕೆ ಅಜ್ಜಿಗೆ ಮಂಡಿ ಊದಿತು. ಹಂಡೆಯ ಜೊತೆ ಅವಳ ಬದಲು ಅವ್ವ ಹೋದಳು, ಸೊಂಟದಲ್ಲಿ ನನ್ನ ತಮ್ಮ ಸಮುವೇಲ, ಹಿಂದೆ ನಾನು. ಸಮುವೇಲ ಇನ್ನೂ ಅವ್ವನ ಹಾಲು ಕುಡಿಯುತ್ತಿದ್ದ, ಹಲ್ಲು ಬಂದಿದ್ದರಿಂದ ಕಚ್ಚಿ ಏಟೂ ತಿನ್ನುತ್ತಿದ್ದ. ಬಿಸಿಲು ಎಷ್ಟಿತ್ತೆಂದರೆ ಹೊಂಗೆಯ ನೆರಳೂ ಬಿಸಿ. ಸಾಲು ಕುಳಿತಿತ್ತು, ದೇವದಾನಪ್ಪನವರು ತಟ್ಟೆ ಹಂಚುತ್ತಿದ್ದರು, ಅವ್ವ ಸೌಟು ಹಿಡಿದಿದ್ದಳು. ತಿಪ್ಪಮ್ಮ ಮರದ ಬೇರಿನ ಮೇಲೆ ದೂರ ಕುಳಿತಿದ್ದಳು. ಕೂಸು ಕುಂಯ್ಗುಡುತ್ತಲೇ ಇತ್ತು.

“ಅದಕ್ಕೆ ಹಾಲು ಕೊಡೇ” ಎಂದು ಅವ್ವ ಗದರಿದಳು.

“ಎದಿನಾಗೆ ಏನೂ ಇಲ್ಲಕ್ಕ.”

“ಹೆಂಗ್ ಇರ್ತೈತೆ? ಇಲ್ಲಿ ಹಂಡೆ ತುಂಬ ಗಂಜಿ ಐತೆ, ಕುಡಿ, ಬರ್ತೈತೆ.”

“ನಾನ್ ಕುಡಿಯಂಗಿಲ್ಲಕ್ಕ. ಅವರಿಗೆ ತಿಳಿದ್ರೆ ನನ್ನ ಮನಿಗೆ ಸೇರಿಸಲ್ಲ.”

“ಬ್ರೆಡ್ ತಿಂತೀಯಲ್ಲ, ಅದನ್ನ ಸುಟ್ಟೋನ ಜಾತಿ ಕೇಳಿದ್ದೇನೇ?”

ತಿಪ್ಪಮ್ಮ ಸ್ವಲ್ಪ ಯೋಚಿಸಿ, “ಅದು ಕಾಗದದಾಗೆ ಸುತ್ಕಂಡ್ ಬರ್ತೈತಕ್ಕ” ಅಂದಳು. ಸಾಲಿನಲ್ಲಿ ಯಾರೋ ನಕ್ಕರು.

ಅವ್ವ ನಗಲಿಲ್ಲ. ಸೌಟನ್ನು ಹಂಡೆಗೆ ಬಿಸಾಕಿದಳು, ಗಂಜಿ ದೇವದಾನಪ್ಪನವರ ಪಂಚೆಗೆ ಸಿಡಿಯಿತು. ಸಮುವೇಲನನ್ನು ನನ್ನ ಕೈಗೆ ತುರುಕಿದಳು. ನೇರ ಹೋಗಿ ತಿಪ್ಪಮ್ಮನ ತೊಡೆಯ ಮೇಲಿನ ಕೂಸನ್ನು ಕೋಳಿ ಎತ್ತುವ ಹಾಗೆ ಎತ್ತಿಕೊಂಡು ಅಲ್ಲೇ ನೆಲದ ಮೇಲೆ ಕುಳಿತು ಎದೆಗೆ ಹಚ್ಚಿದಳು. ಕೇಳಲಿಲ್ಲ, ಹೇಳಲಿಲ್ಲ. ಕೂಸಿಗೆ ಮೊದಲು ಗೊತ್ತಾಗಲಿಲ್ಲ. ಆಮೇಲೆ ಗೊತ್ತಾಯಿತು. ಅದು ಹೀರುವ ಸದ್ದು ನನಗೆ ಕೇಳಿಸಿತು. ಗಂಜಿ ಕುಡಿಯುವವರು ತಟ್ಟೆ ಕೆಳಗಿಟ್ಟರು. “ಕೇಳೇ ಇದನ್ನ, ಯಾವ ಜಾತಿ ಹಾಲು ಅಂತ” ಅಂದಳು ಅವ್ವ, ಕಣ್ಣಲ್ಲಿ ಇನ್ನೂ ಸಿಟ್ಟು.

ತಿಪ್ಪಮ್ಮ ಕಿತ್ತುಕೊಳ್ಳುತ್ತಾಳೆ ಎಂದುಕೊಂಡೆ. ಅವಳು ಎದ್ದು ನಿಂತು ಆಸ್ಪತ್ರೆಯ ಕಿಟಕಿಯ ಕಡೆ ನೋಡಿದಳು. ಗಂಡನ ಮಂಚ ಅಲ್ಲೇ ಇತ್ತು. ಆಮೇಲೆ ಬಂದು ಕಿಟಕಿಗೂ ಅವ್ವನಿಗೂ ನಡುವೆ ಕುಳಿತಳು, ಎರಡು ಕೈಯಲ್ಲೂ ಸೆರಗು ಹಿಡಿದು ಪರದೆಯ ಹಾಗೆ ಅಗಲ ಮಾಡಿದಳು. ಕೂಸಿನ ಹೊಟ್ಟೆ ತುಂಬುವವರೆಗೆ ಹಾಗೇ ಹಿಡಿದುಕೊಂಡಿದ್ದಳು, ತೋಳು ನಡುಗುತ್ತಿದ್ದರೂ ಇಳಿಸಲಿಲ್ಲ. ದೇವದಾನಪ್ಪನವರು ಸೌಟನ್ನು ಹಂಡೆಯಿಂದ ಎತ್ತಿ, ಅತ್ತ ತಿರುಗಿ ನೋಡದೆ, ತಾವೇ ಗಂಜಿ ಬಡಿಸಿದರು.

ಮನೆಗೆ ಬಂದು ಅವ್ವ ಹೇಳಲಿಲ್ಲ, ಅಜ್ಜಿಗೆ ನಾನು ಹೇಳಿದೆ. ಸಂಜೆ ಪಂಚೆ ಒಗೆಸಿಕೊಂಡ ಸಿಟ್ಟಿನಲ್ಲಿ ದೇವದಾನಪ್ಪನವರು ಬಂದರು. ಅವರು ಬಾಯಿ ತೆಗೆಯುವ ಮೊದಲೇ ಅಜ್ಜಿ, “ಬರ್ರಿ ಹಿರಿಯರೇ, ಕುಂತ್ಕಳ್ರಿ. ನಮ್ ಮನಿ ಹಾಲೇ ಕಾಸದಂಗೆ ಕೊಟ್ಟಾತು. ಇನ್ನು ರಾಗಿ ಬೇಯಿಸದಂಗೆ ಕೊಟ್ರೆ ಕರ್ತ ಏನ್ ಬೈತಾನೆ?” ಅಂದಳು. ದೇವದಾನಪ್ಪನವರು ನೀರು ಕೇಳಿ ಕುಡಿದು ಹೋದರು. ಮರುದಿನ ಮುಂಜಾನೆ ಹಿತ್ತಲಲ್ಲಿ ನೋಡಿದರೆ ಮೂರು ಕಲ್ಲು ಕೂತಿದ್ದವು, ಗಾರೆ ಮೇಸ್ತ್ರಿ ಕೂರಿಸಿದಂತೆ ಒಂದು ಎಳ್ಳಷ್ಟೂ ಅಲುಗದ ಹಾಗೆ. ಪಕ್ಕದ ಗೂಟಕ್ಕೆ ಅವರ ಮನೆಯ ಹಾಲು ಕರೆಯುವ ಮೇಕೆ. ಅಜ್ಜಿ ಓಣಿಯ ತುದಿಯವರೆಗೂ ಕೇಳುವಂತೆ ಕೂಗಿದಳು, “ಯಾರದ್ದಪ್ಪ ಈ ಮೇಕೆ?” ಓಣಿಯ ತುದಿಯಿಂದ ಉತ್ತರ ಬಂತು, “ಅದರ ಜಾತಿ ವಿಚಾರಿಸ್ಬ್ಯಾಡ್ರಿ, ಹಾಲು ಕರ್ಕಳ್ರಿ!”

ತಿಪ್ಪಮ್ಮ ದಿನಾ ಬರತೊಡಗಿದಳು. ಹೊಳೆಯಿಂದ ನೀರು ಹೊತ್ತು ತಂದು ಆ ಕಲ್ಲಿನ ಮೇಲೆ ಮುದ್ದೆ ಬೇಯಿಸಿ ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದಳು. ಅವಳ ಹಾಲು ತಿರುಗಿ ಬರುವ ತನಕ ಕೂಸು ಅವ್ವನ ಎದೆಯಲ್ಲೇ. ಸಮುವೇಲನಿಗೆ ಇದನ್ನು ಸಹಿಸಲಾಗಲಿಲ್ಲ. ತಿಪ್ಪಮ್ಮನನ್ನು ಕಂಡರೆ ಬಾಗಿಲಿಗೆ ಅಡ್ಡ ಮಲಗಿ ಕಾಲು ಬಡಿಯುತ್ತಿದ್ದ. ಎರಡು ಕೂಸಿಗೆ ಹಾಲು ಸಾಲದೆಂದು ಸಭೆಯ ಹೆಂಗಸರು ಹಿಡಿ ರಾಗಿಯ ಜೊತೆ ಸಬ್ಬಸಿಗೆ ಸೊಪ್ಪಿನ ಕಟ್ಟು, ಬೆಳ್ಳುಳ್ಳಿ, ಬೆಲ್ಲ ತಂದು ಅವ್ವನ ಮುಂದೆ ಹಾಕುತ್ತಿದ್ದರು. ಮನೆಯೆಲ್ಲ ಸಬ್ಬಸಿಗೆ ವಾಸನೆ, ಸಾರಿನಲ್ಲಿ ಅದೇ, ಪಲ್ಯದಲ್ಲಿ ಅದೇ. “ನನ್ನೇನು ಎಮ್ಮೆ ಅಂದ್ಕಂಡಿದೀರೇನ್ರೇ?” ಎಂದು ಅವ್ವ ಬೈಯುತ್ತಲೇ ತಿನ್ನುತ್ತಿದ್ದಳು. ತಿಪ್ಪಮ್ಮನಿಗೂ ಅವಳ ಬೈಗುಳ ಅಭ್ಯಾಸವಾಯಿತು. “ನಿನ್ ಮಗನ್ನ ಕಿರಿಸ್ತಾನ ಮಾಡ್ಬುಟ್ಟೆ ನೋಡು, ನಾಳೆ ಹಾಡು ಹೇಳ್ತಾನೆ” ಅಂದರೆ, “ಹಾಡು ಹೇಳಿದ್ರೆ ಹೇಳ್ಲಿ ಬುಡಕ್ಕ, ಅವರಪ್ಪನಂಗೆ ಗೊರಕೆ ಹೊಡೀದಿದ್ರೆ ಸಾಕು” ಅನ್ನುತ್ತಿದ್ದಳು. ಗಂಡನಿಗೆ ಮಾತ್ರ ಯಾವುದೂ ಗೊತ್ತಿಲ್ಲ. ಹೊಳೆ ದಂಡೆಯಲ್ಲಿ ಒಲೆ ಹೂಡಿದ್ದೇನೆ ಅಂತ ಹೇಳಿದ್ದಳಂತೆ. ಗೊತ್ತಾದರೆ ಅವಳಿಗೂ ಕೂಸಿಗೂ ಊರಿನಲ್ಲಿ ಜಾಗವಿಲ್ಲ. ಹಾಗಾಗಿ ಇಡೀ ಓಣಿ, ಇಡೀ ಸಭೆ, ಬಾಯಿ ಹೊಲಿದುಕೊಂಡು ಕೂತಿತು. ನಮ್ಮ ಸಭೆಯವರು ಒಂದು ಮಾತನ್ನು ಗುಟ್ಟಾಗಿಟ್ಟದ್ದು ನನಗೆ ತಿಳಿದಂತೆ ಅದೊಂದೇ ಸಲ.

ಗಂಡ ಕೋಲು ಹಿಡಿದು ನಡೆಯುವಂತಾದ ಮೇಲೆ ಅವರು ಊರಿಗೆ ಹೊರಟರು. ಹಿಂದಿನ ದಿನ ತಿಪ್ಪಮ್ಮ ಹಿತ್ತಲಿಗೆ ಬಂದು ಗಡಿಗೆ ತೊಳೆದು ಬೋರಲು ಹಾಕಿದಳು. ಕೂಸು ಆ ಹೊತ್ತಿಗೆ ಕೆನ್ನೆ ತುಂಬಿಕೊಂಡು, ಯಾರ ಸೆರಗು ಸಿಕ್ಕರೂ ಹಿಡಿದು ಎಳೆಯುವಂತಾಗಿತ್ತು. ಅವ್ವ ಅದನ್ನು ಕೊನೆಯ ಸಲ ಎತ್ತಿಕೊಂಡು ಹಾಲು ಕೊಟ್ಟಳು, ಆಗ ಅದಕ್ಕೆ ಅವ್ವನ ಹಾಲು ಬೇಕೂ ಇರಲಿಲ್ಲ. ತಿಪ್ಪಮ್ಮ ಹೊಸ್ತಿಲ ಹೊರಗೆ ನಿಂತು, “ಅಕ್ಕ, ನೀರು ಕೊಡ್ರಿ” ಅಂದಳು. ಅವ್ವ ಬೆಪ್ಪಾದಳು. ನಾನು ಚೊಂಬು ತಂದುಕೊಟ್ಟೆ. ತಿಪ್ಪಮ್ಮ ಚೊಂಬನ್ನು ಎತ್ತಿ ಹಿಡಿಯದೆ, ಬಾಯಿಗೇ ಹಚ್ಚಿ, ಒಂದೇ ಉಸಿರಿಗೆ ಅಷ್ಟನ್ನೂ ಕುಡಿದು ಬಾಯಿ ಒರೆಸಿಕೊಂಡಳು. “ನಾನು ಮತ್ತೆ ಬರಂಗಿಲ್ಲಕ್ಕ. ನೀವೂ ನಮ್ಮೂರ ಕಡೆ ಬರಬ್ಯಾಡ್ರಿ” ಅಂದಳು. ಅವ್ವ, “ಬರಲ್ಲ ಹೋಗೇ, ನಿಮ್ಮೂರಾಗೆ ನಮಗೇನೈತೆ” ಅಂದಳು. ಇಬ್ಬರಿಗೂ ಅರ್ಥವಾಗಿತ್ತು. ಕಣ್ಣೀರು ಗಿಣ್ಣೀರು ಏನೂ ಇಲ್ಲ. ಅವಳು ಹೋದ ಮೇಲೆ ಅವ್ವ ಸಮುವೇಲನನ್ನು ಎಳೆದು ತೊಡೆಯ ಮೇಲೆ ಹಾಕಿಕೊಂಡಳು, ಅವನು ಬೇಡವೆಂದು ಒದರಿದರೂ ಬಿಡಲಿಲ್ಲ.

ಆಡಿದ ಮಾತಿನಂತೆಯೇ ಆಯಿತು. ತಿಪ್ಪಮ್ಮ ಬರಲಿಲ್ಲ, ನಾವು ಹೋಗಲಿಲ್ಲ. ಹೊರಕೆರೆದೇವಪುರಕ್ಕೆ ಬಸ್ಸು ಎಷ್ಟೋ ಸಲ ಕಣ್ಣ ಮುಂದೆ ಹೋಗಿದೆ, ಅವ್ವ ಹತ್ತಲಿಲ್ಲ. ಆ ಕಡೆಯವರು ಯಾರಾದರೂ ಹೊಂಗೆ ಮರದ ಕೆಳಗೆ ಸಿಕ್ಕರೆ ಮಳೆ ಹೇಗಿದೆ, ಜ್ವರ ಗಿರ ಇಲ್ಲವಲ್ಲ ಎಂದು ಕೇಳುತ್ತಿದ್ದಳು, ಹೆಸರೆತ್ತುತ್ತಿರಲಿಲ್ಲ. ಹೆಸರೆತ್ತಿದರೆ ಒಂದು ಸಂಸಾರ ಮುರಿದೀತು. ಆ ಕೂಸಿಗೆ ಊರಿನಲ್ಲಿ ಏನು ಹೆಸರಿಟ್ಟರೋ ನಮಗೆ ತಿಳಿಯಲೇ ಇಲ್ಲ.

ನಮ್ಮ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಕೂತು ಪ್ರಾರ್ಥನೆ ಮಾಡುವುದು ವಾಡಿಕೆ. ಅವ್ವನ ಪ್ರಾರ್ಥನೆಯಲ್ಲಿ ದೊಡ್ಡ ಮಾತಿರುತ್ತಿರಲಿಲ್ಲ, ಬರೀ ಹೆಸರು. ಕರ್ತನೇ, ರೂತಳನ್ನು ಕಾಯಿ, ಅದು ನಾನು, ಸಮುವೇಲನನ್ನು ಕಾಯಿ. ಅಲ್ಲಿಗೆ ಬಂದು ಒಂದು ಗಳಿಗೆ ನಿಲ್ಲುತ್ತಿದ್ದಳು. ಆಮೇಲೆ ಅಪ್ಪನ ಹೆಸರು, ಅಜ್ಜಿಯ ಹೆಸರು. ಯಾಕೆ ನಿಲ್ತೀಯ ಎಂದು ಒಮ್ಮೆ ಕೇಳಿದೆ. “ಉಸ್ರು ಎಳ್ಕಂಡೆ ಕಣೇ, ಅದಕ್ಕೂ ನಿನ್ನ ಕೇಳ್ಬೇಕಾ?” ಅಂದಳು. ಕೊನೆಗಾಲದಲ್ಲಿ ಅವ್ವನಿಗೆ ಮರೆವು ಬಂತು. ನನ್ನನ್ನು ನರ್ಸಮ್ಮ ಅಂದಳು, ಅಪ್ಪ ಸತ್ತಿದ್ದನ್ನು ಮರೆತು ಮೀನು ಯಾಕೆ ಬರಲಿಲ್ಲ ಅಂದಳು. ಪ್ರಾರ್ಥನೆಯಲ್ಲಿ ಸಮುವೇಲನ ಹೆಸರಾದ ಮೇಲೆ ನಿಲ್ಲುವುದನ್ನು ಮಾತ್ರ ಮರೆಯಲಿಲ್ಲ.

ನಮ್ಮ ಸಭೆಯಲ್ಲಿ ಸತ್ತವರಿಗಾಗಿ ಬೇಡಿಕೊಳ್ಳುವ ಪದ್ಧತಿಯಿಲ್ಲ. ಅವರು ಕರ್ತನ ಕೈಸೇರಿದರು, ನಮ್ಮ ಶಿಫಾರಸು ಬೇಡ ಅನ್ನುತ್ತಾರೆ. ಹಾಗಾಗಿ ಹೋದವರ ಹೆಸರನ್ನು ಒಂದೊಂದಾಗಿ ಬಿಡುತ್ತ ಬಂದೆ. ಅಜ್ಜಿಯದು ಅವ್ವನೇ ಬಿಟ್ಟಿದ್ದಳು, ಅಪ್ಪನದನ್ನೂ ಅವ್ವನದನ್ನೂ ನಾನು ಬಿಟ್ಟೆ. ಹೋದ ವರ್ಷ ಸಮುವೇಲನದನ್ನೂ ಬಿಟ್ಟೆ. ಈಗ ಆ ಮನೆಯವರಲ್ಲಿ ಹೇಳಲು ಯಾವ ಹೆಸರೂ ಉಳಿದಿಲ್ಲ. ಹೊರಕೆರೆದೇವಪುರದ ಕಡೆ ಆ ಕೂಸು ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಇದ್ದರೆ ಅವನೂ ಮುದುಕನೇ. ಹೋದನೆಂದು ಗೊತ್ತಿಲ್ಲದವನನ್ನು ಬಿಡಲು ಬರುವುದಿಲ್ಲ, ಹೇಳೋಣವೆಂದರೆ ಹೆಸರು ಗೊತ್ತಿಲ್ಲ. ಸಂಜೆ ಕೂತು ಕಣ್ಣು ಮುಚ್ಚಿ, ಅವ್ವ ನಿಲ್ಲುತ್ತಿದ್ದಷ್ಟು ಹೊತ್ತು ಸುಮ್ಮನಿರುತ್ತೇನೆ, ಆಮೇಲೆ ಆಮೆನ್ ಅನ್ನುತ್ತೇನೆ.